ರೂಟ್‌ನಿಂದ ಕೆಳಗಿಳಿಯುವುದು ಹೇಗೆ? ಗುಂಪು ಮೊದಲು, ಯುಐಡಿ ಕೊನೆಗೆ

ಡೆಬಿಯನ್ ಲಿನಕ್ಸ್‌ನಲ್ಲಿ ನೀವೊಂದು ಚಿಕ್ಕ ವೆಬ್ ಸರ್ವರ್ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಅದಕ್ಕೆ 80ನೇ ಪೋರ್ಟ್ ಬೇಕು. ಪೋರ್ಟ್ ಅಂದರೆ ನೆಟ್‌ವರ್ಕ್‌ನಿಂದ ಬರುವ ಕೋರಿಕೆಗಳಿಗೆ ಇರುವ ನಂಬರ್ ಹಾಕಿದ ಬಾಗಿಲು. 1024ಕ್ಕಿಂತ ಕೆಳಗಿನ ಪೋರ್ಟ್ ಹಿಡಿಯಲು ಸಾಮಾನ್ಯವಾಗಿ ರೂಟ್ (ಮೆಷಿನ್‌ನಲ್ಲಿ ಎಲ್ಲವನ್ನೂ ಮಾಡಬಲ್ಲ ಬಳಕೆದಾರ) ಅಧಿಕಾರ ಇರಬೇಕು. ಪೋರ್ಟ್ ಸಿಕ್ಕಿದ ಮೇಲೆ? ಆ ಅಧಿಕಾರದಿಂದ ಏನೂ ಕೆಲಸವಿಲ್ಲ. ಸುಮ್ನೆ ಇಟ್ಟುಕೊಂಡರೆ ಕೋಡ್‌ನ ಒಂದೇ ಒಂದು ಬಗ್‌ನಿಂದ ಇಡೀ ಮೆಷಿನ್ ಬೇರೆಯವರ ಕೈಗೆ ಹೋಗಬಹುದು.

ಯುಐಡಿ ಅಂದರೆ ಬಳಕೆದಾರನ ಗುರುತು ಸಂಖ್ಯೆ, ರೂಟ್‌ನದು 0. ಪ್ರೊಸೆಸ್‌ಗೆ, ಅಂದರೆ ಓಡುತ್ತಿರುವ ಪ್ರೋಗ್ರಾಂಗೆ, ಇರುವುದು ಒಂದು ಯುಐಡಿ ಅಲ್ಲ, ಮುಖ್ಯವಾಗಿ ಮೂರು. ರಿಯಲ್ ಅಂದರೆ ಓಡಿಸಿದವರು ಯಾರು ಎಂಬುದು. ಎಫೆಕ್ಟಿವ್ ಅಂದರೆ ಅನುಮತಿ ಕೊಡುವಾಗ ಕರ್ನಲ್ (ಲಿನಕ್ಸ್‌ನ ತಿರುಳು) ನೋಡುವ ಗುರುತು. ಸೇವ್ಡ್ ಅಂದರೆ ಮತ್ತೆ ಬೇಕಾದರೆ ಇರಲಿ ಎಂದು ಎತ್ತಿಟ್ಟದ್ದು. ಪಾಸ್‌ವರ್ಡ್ ಬದಲಿಸುವ ಕಮಾಂಡ್‌ನ ಅನುಮತಿ ಸಾಲಿನಲ್ಲಿ ಒಂದು ‘ಎಸ್’ ಅಕ್ಷರ ಕಾಣುತ್ತದೆ. ಅದೇ ಸೆಟ್‌ಯುಐಡಿ ಬಿಟ್. ಅದರಿಂದಲೇ ನಾವು ಓಡಿಸಿದರೂ ಆ ಕಮಾಂಡ್ ರೂಟ್ ಆಗಿ ಕೆಲಸ ಮಾಡುತ್ತದೆ. ಇದು ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಡೆನಿಸ್ ರಿಚಿ ಅವರ ಯೋಚನೆ. 1973ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1979ರಲ್ಲಿ ಸಿಕ್ಕಿತು.

ಈಗ ಕೆಲಸಕ್ಕೆ ಬರೋಣ. ಪೋರ್ಟ್ ಹಿಡಿದ ಕೂಡಲೇ ಸೆಟ್‌ಗ್ರೂಪ್ಸ್ ಎಂಬ ಸಿಸ್ಟಂ ಕರೆ (ಕರ್ನಲ್‌ಗೆ ಮಾಡುವ ಕೋರಿಕೆ) ಮಾಡಿ, ಪ್ರೊಸೆಸ್ ಸೇರಿರುವ ಹೆಚ್ಚುವರಿ ಬಳಕೆದಾರ ಗುಂಪುಗಳನ್ನು ಖಾಲಿ ಮಾಡಿ. ಆಮೇಲೆ ಮುಖ್ಯ ಗುಂಪು ಬದಲಿಸುವ ಸೆಟ್‌ಜಿಐಡಿ. ಯುಐಡಿ ಬದಲಿಸುವ ಸೆಟ್‌ಯುಐಡಿ ಕರೆ (ಮೇಲೆ ಹೇಳಿದ ಬಿಟ್ ಅಲ್ಲ) ಕೊನೆಗೆ. ಡೆಬಿಯನ್‌ನಲ್ಲಿ ವೆಬ್ ಸರ್ವರ್‌ಗೆಂದೇ ಇರುವ ಬಳಕೆದಾರನ ಸಂಖ್ಯೆ 33. ಗುಂಪಿನದೂ ಅದೇ.

ಈ ಕ್ರಮ ತಿರುವುಮುರುವು ಮಾಡಬೇಡಿ. ಯುಐಡಿ ಮೊದಲೇ ಬಿಟ್ಟರೆ ಗುಂಪು ಬದಲಿಸುವ ಅಧಿಕಾರವೂ ಅದರ ಜೊತೆಗೇ ಹೋಗುತ್ತದೆ. ನನ್ನ ಮೊದಲ ಸರ್ವರ್‌ನಲ್ಲಿ ಹೀಗೇ ಆಗಿತ್ತು. ಯುಐಡಿ ಸರಿಯಾಗಿ ಬದಲಾಗಿತ್ತು, ಗುಂಪು ಮಾತ್ರ ರೂಟ್‌ನದೇ ಉಳಿದಿತ್ತು. ವಾರಗಟ್ಟಲೆ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಪ್ರತಿ ಕರೆಯೂ 0 ಹಿಂದಿರುಗಿಸಿತಾ ಎಂದು ನೋಡಿ. ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲಬೇಕು. ರೂಟ್ ಕರೆದರೆ ಸೆಟ್‌ಯುಐಡಿ ಹೇಗೆ ತಾನೇ ಸೋಲುತ್ತೆ ಅನ್ನಿಸುತ್ತೆ, ಅಲ್ವಾ? 2010ರಲ್ಲಿ ಆಂಡ್ರಾಯ್ಡ್ ಫೋನ್‌ಗಳಲ್ಲಿ ಹ್ಯಾಕರ್‌ಗಳು ಸೋಲಿಸಿಯೇ ತೋರಿಸಿದರು. ಒಬ್ಬ ಬಳಕೆದಾರ ಇಷ್ಟೇ ಪ್ರೊಸೆಸ್ ಓಡಿಸಬಹುದು ಎಂಬ ಮಿತಿ ಇರುತ್ತದೆ. ಆ ಮಿತಿಯನ್ನು ಬೇಕೆಂದೇ ತುಂಬಿಸಿ, ಡೀಬಗ್ ಡೀಮನ್ (ದೋಷ ಹುಡುಕಲು ನೆರವಾಗುವ, ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಮತ್ತೆ ಶುರುವಾಗುವಂತೆ ಮಾಡಿದರು. ಅದು ರೂಟ್‌ನಿಂದ ಇಳಿಯಲು ಸೆಟ್‌ಯುಐಡಿ ಕರೆಯಿತು. ಕರೆ ಸೋತಿತು. ಉತ್ತರ ನೋಡುವ ಸಾಲು ಕೋಡ್‌ನಲ್ಲಿ ಇರಲಿಲ್ಲ. ಡೀಮನ್ ರೂಟ್ ಆಗಿಯೇ ಮುಂದುವರಿಯಿತು, ಫೋನ್ ಕೈಗೆ ಸಿಕ್ಕಿತು.

ಇಳಿದದ್ದು ನಿಜವಾ ಎಂದು ಪರೀಕ್ಷಿಸುವುದು ಸುಲಭ. ಬೇಕೆಂದೇ ಸೆಟ್‌ಯುಐಡಿಗೆ 0 ಕೊಟ್ಟು ವಾಪಸ್ ರೂಟ್ ಆಗಲು ನೋಡಿ. ಈ ಕರೆ ಸೋಲಲೇಬೇಕು. ಪ್ರಾಕ್ ಫೋಲ್ಡರ್‌ನಲ್ಲಿ ಆ ಪ್ರೊಸೆಸ್‌ನ ಸ್ಟೇಟಸ್ ಫೈಲ್ ತೆರೆದರೆ ಯುಐಡಿ ಸಾಲಿನಲ್ಲಿ ನಾಲ್ಕು ಸಂಖ್ಯೆಗಳಿವೆ: ರಿಯಲ್, ಎಫೆಕ್ಟಿವ್, ಸೇವ್ಡ್, ಜೊತೆಗೆ ಲಿನಕ್ಸ್‌ನಲ್ಲಿ ಫೈಲ್ ಅನುಮತಿಗೆಂದು ಇರುವ ಫೈಲ್‌ಸಿಸ್ಟಂ. ‘33 33 33 33’ ಕಂಡರೆ ಸರಿ. ಎಫೆಕ್ಟಿವ್ ಯುಐಡಿ ಮಾತ್ರ ಬದಲಿಸುವ ಸೆಟ್‌ಇಯುಐಡಿ ಬಳಸಿದ್ದರೆ ‘0 33 0 33’ ಕಾಣುತ್ತದೆ. ಮೂರನೆಯ ಜಾಗದಲ್ಲಿರುವ ಸೊನ್ನೆ ನೋಡಿ. ಬೀಗ ಹಾಕಿ ಕೀಲಿಯನ್ನು ಬಾಗಿಲಲ್ಲೇ ಬಿಟ್ಟ ಹಾಗೆ. ಒಳಗೆ ನುಗ್ಗಿದವನು ಒಂದೇ ಕರೆಯಲ್ಲಿ ಮತ್ತೆ ರೂಟ್ ಆಗುತ್ತಾನೆ. ಲಿನಕ್ಸ್‌ನಲ್ಲಿ ನಾನು ಸೆಟ್‌ರೆಸ್‌ಯುಐಡಿ ಬಳಸುತ್ತೇನೆ. ಮೂರನ್ನೂ ಹೆಸರು ಹೇಳಿ ಬದಲಿಸಬಹುದು, ಗೊಂದಲ ಕಡಿಮೆ.

ರೂಟ್ ಆಗಿದ್ದಾಗ ತೆರೆದ ಫೈಲ್‌ಗಳು ಯುಐಡಿ ಬದಲಾದರೂ ತೆರೆದೇ ಇರುತ್ತವೆ. ಬೇಡವಾದದ್ದನ್ನು ಇಳಿಯುವ ಮೊದಲೇ ಮುಚ್ಚಿಬಿಡಿ.