ಲಿನಕ್ಸ್ ಮುಟ್ಟದೆ ವಿಂಡೋಸ್ ಮರಳಿ ತರುವುದು ಹೇಗೆ?

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸಿನ ಒಂದು ರೂಪವಾದ ಉಬುಂಟು ಎರಡನ್ನೂ ಇಟ್ಟುಕೊಂಡವರಿಗೆ ವಿಂಡೋಸ್ ಕೆಟ್ಟರೆ ಹೋಗುವುದು ಫೈಲುಗಳಷ್ಟೇ ಅಲ್ಲ. ನುಡಿ, ಶ್ರೀಲಿಪಿ, ಟ್ಯಾಲಿ, ಹಳೆಯ ಪ್ರಿಂಟರಿನ ಡ್ರೈವರ್ ಎಲ್ಲವನ್ನೂ ಮತ್ತೆ ಹಾಕಿ ಮೊದಲಿನಂತೆ ಹೊಂದಿಸುವುದೇ ದೊಡ್ಡ ಕೆಲಸ. ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ವಿಂಡೋಸ್ ತನ್ನನ್ನೇ ಬೂಟ್ ಕ್ರಮದ ಮೊದಲಿಗೆ ಇಟ್ಟುಕೊಳ್ಳುತ್ತದೆ, ಯಾವುದಕ್ಕೆ ಹೋಗಬೇಕೆಂದು ಕೇಳುವ ಲಿನಕ್ಸಿನ ಗ್ರಬ್ ಮೆನು ಕಾಣೆಯಾಗುತ್ತದೆ. ವಿಂಡೋಸ್ ಇರುವ ಪಾರ್ಟಿಷನ್ನಿನ (ಡಿಸ್ಕಿನ ಒಂದು ವಿಭಾಗ) ಇಮೇಜ್, ಅಂದರೆ ಪೂರ್ತಿ ನಕಲು, ಕೈಯಲ್ಲಿದ್ದರೆ ಈ ಯಾವ ತಾಪತ್ರಯವೂ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದರಲ್ಲೇ ಇದ್ದು 11ಕ್ಕೆ ಹೋಗಬೇಕೆಂದಿರುವವರು ಇಂಥ ಇಮೇಜ್ ತೆಗೆದಿಟ್ಟುಕೊಂಡೇ ಮುಂದುವರಿಯುವುದು ಒಳ್ಳೆಯದು.

ಇಲ್ಲಿ ಬಳಸುವುದು ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶ. ಪರದೆಯ ಮೇಲಿನ ಇಂಗ್ಲಿಷ್ ಹೆಸರುಗಳನ್ನು ಉಚ್ಚಾರದಂತೆಯೇ ಕೊಟ್ಟಿದ್ದೇವೆ.

ಮೊದಲು ನಿಮ್ಮ ಡಿಸ್ಕಿನ ನಕ್ಷೆ ಗೊತ್ತಿರಲಿ. ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಇರುವ ಈಚಿನ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಬೂಟ್ ಫೈಲುಗಳಿರುವ ಸುಮಾರು 100 ಎಂಬಿಯ ಇಎಫ್‌ಐ ಪಾರ್ಟಿಷನ್, 16 ಎಂಬಿಯ ಮೈಕ್ರೋಸಾಫ್ಟ್ ರಿಸರ್ವ್ಡ್, ಆಮೇಲೆ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲುಗಳನ್ನಿಡುವ ವಿಧಾನ) ಇರುವ ಸಿ ಡ್ರೈವ್, ಒಂದು ಸಣ್ಣ ರಿಕವರಿ ಪಾರ್ಟಿಷನ್, ಕೊನೆಗೆ ಲಿನಕ್ಸಿನ ಇಎಕ್ಸ್‌ಟಿ4 ಪಾರ್ಟಿಷನ್ ಇರುತ್ತವೆ. ಉಬುಂಟುವಿನ ಡಿಸ್ಕ್ಸ್ ಅಥವಾ ಜಿಪಾರ್ಟೆಡ್ ತೆರೆದು ಪ್ರತಿಯೊಂದರ ಸಂಖ್ಯೆ ಮತ್ತು ಗಾತ್ರವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಫೋಟೊ ತೆಗೆದರೂ ಆದೀತು. ಆದರೆ ಅದೇ ಕಂಪ್ಯೂಟರಿನಲ್ಲಿ ಉಳಿಸಬೇಡಿ.

ವಿಂಡೋಸಿನೊಳಗೆ ಮುಗಿಸಬೇಕಾದ್ದು

ಬ್ಯಾಕಪ್ ವಿಫಲವಾಗುವುದು ಹೆಚ್ಚಾಗಿ ಇಲ್ಲೇ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ಅದು ಪೂರ್ತಿ ಮುಚ್ಚುವುದಿಲ್ಲ, ವಿಂಡೋಸಿನ ತಿರುಳಾದ ಕರ್ನಲ್‌ನ ಸ್ಥಿತಿಯನ್ನು ಡಿಸ್ಕಿಗೆ ಬರೆದು ಅರೆನಿದ್ದೆಗೆ ಜಾರುತ್ತದೆ. ಅಂಥ ಪಾರ್ಟಿಷನ್ನನ್ನು ಕ್ಲೋನ್‌ಜಿಲ್ಲಾ ನಕಲು ಮಾಡಲು ಒಪ್ಪದು, ಸರಿಯಾಗಿ ಮುಚ್ಚಿಲ್ಲವೆಂದು ಹೇಳಿ ನಿಲ್ಲುತ್ತದೆ. ಒತ್ತಾಯದಿಂದ ಮಾಡಿಸಿದರೂ ಆ ಇಮೇಜನ್ನು ನಂಬುವಂತಿಲ್ಲ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಲ್ಲಿ ಪವರ್ ಬಟನ್‌ಗಳು ಏನು ಮಾಡಬೇಕೆಂಬ ಪುಟಕ್ಕೆ ಹೋಗಿ ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್ ಎಂಬ ಗುರುತು ತೆಗೆಯಿರಿ. ಆ ಸಾಲು ಮಬ್ಬಾಗಿದ್ದರೆ ಮೇಲಿರುವ ಚೇಂಜ್ ಸೆಟ್ಟಿಂಗ್ಸ್ ಎಂಬ ಲಿಂಕ್ ಮೊದಲು ಒತ್ತಬೇಕು.

ಎರಡನೆಯದು ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಗೆ ಬದಲಿಸಿ ಕಾಯುವ ಬಿಟ್‌ಲಾಕರ್. ವಿಂಡೋಸ್ 11ರ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದರದೇ ಸರಳ ರೂಪವಾದ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಹಾಗಿದ್ದಾಗ ಯಾವ ಭಾಗದಲ್ಲಿ ಮಾಹಿತಿ ಇದೆ, ಯಾವುದು ಖಾಲಿ ಎಂಬುದು ಕ್ಲೋನ್‌ಜಿಲ್ಲಾಗೆ ತಿಳಿಯದು. 200 ಜಿಬಿ ಪಾರ್ಟಿಷನ್ನಿನಲ್ಲಿ 90 ಜಿಬಿ ಮಾತ್ರ ತುಂಬಿದ್ದರೂ ಪೂರ್ತಿ 200 ಜಿಬಿಯನ್ನೇ ನಕಲಿಸುತ್ತದೆ, ಅದನ್ನು ಕುಗ್ಗಿಸಲೂ ಆಗುವುದಿಲ್ಲ. ಸೆಟ್ಟಿಂಗ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಡಿಕ್ರಿಪ್ಷನ್ ಪೂರ್ತಿ ಮುಗಿಯುವವರೆಗೆ ಕಾಯಿರಿ. ಬ್ಯಾಕಪ್ ಆದ ಮೇಲೆ ಮತ್ತೆ ಆನ್ ಮಾಡಿಕೊಳ್ಳುವವರು 48 ಅಂಕಿಗಳ ರಿಕವರಿ ಕೀಯನ್ನು ಬರೆದಿಡಲೇಬೇಕು.

ಕೊನೆಗೆ ಸಿ ಡ್ರೈವಿನ ಪ್ರಾಪರ್ಟೀಸ್‌ನ ಟೂಲ್ಸ್ ಟ್ಯಾಬಿನಲ್ಲಿ ಚೆಕ್ ಒತ್ತಿ ದೋಷಗಳಿದ್ದರೆ ಸರಿಪಡಿಸಿ, ಡಿಸ್ಕ್ ಕ್ಲೀನಪ್‌ನಿಂದ ಹಳೆಯ ಅಪ್‌ಡೇಟ್ ಫೈಲುಗಳನ್ನು ತೆಗೆಯಿರಿ.

ಇಮೇಜ್ ತೆಗೆಯುವುದು

ಕ್ಲೋನ್‌ಜಿಲ್ಲಾದ ಐಎಸ್‌ಒ ಫೈಲನ್ನು ರೂಫಸ್ ಅಥವಾ ವೆಂಟಾಯ್ ಎಂಬ ಬೂಟ್ ಪೆನ್‌ಡ್ರೈವ್ ಮಾಡುವ ತಂತ್ರಾಂಶದ ಮೂಲಕ ಪೆನ್‌ಡ್ರೈವಿಗೆ ಹಾಕಿ, 4 ಜಿಬಿಯದು ಸಾಕು. ಇಮೇಜ್ ಇಡಲು ಬೇರೆ ಎಕ್ಸ್‌ಟರ್ನಲ್ ಡಿಸ್ಕ್ ಬೇಕು. ಮಾಹಿತಿಯ ಸ್ವರೂಪ ನೋಡಿ ಇಮೇಜ್ ಕುಗ್ಗುತ್ತದೆ. ಆದರೂ ಬಳಕೆಯಲ್ಲಿರುವಷ್ಟೇ ಜಾಗ ಅಲ್ಲಿ ಖಾಲಿ ಇರಲಿ. ಯುಎಸ್‌ಬಿ 2.0 ಪೋರ್ಟಿನಲ್ಲಿ 60 ಜಿಬಿ ಬರೆಯಲು ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ, ನೀಲಿ ಬಣ್ಣದ 3.0 ಪೋರ್ಟ್ ಇದ್ದರೆ ಅದನ್ನೇ ಬಳಸಿ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿವೈಸ್-ಇಮೇಜ್, ಲೋಕಲ್ ಡಿವೈಸ್ ಆರಿಸಿ. ಆಗ ಎಕ್ಸ್‌ಟರ್ನಲ್ ಡಿಸ್ಕ್ ಜೋಡಿಸಿ. ಪಟ್ಟಿಯಲ್ಲಿ ಅದು ಕಂಡ ಮೇಲೆ ಕಂಟ್ರೋಲ್-ಸಿ ಒತ್ತಿ, ಇಮೇಜ್ ಇಡುವ ಜಾಗವಾಗಿ ಅದನ್ನೇ ಆರಿಸಿ. ಬಿಗಿನರ್ ಮೋಡ್ ಸಾಕು. ಮುಂದಿನ ಪರದೆಯಲ್ಲಿ ಸೇವ್‌ಡಿಸ್ಕ್, ಸೇವ್‌ಪಾರ್ಟ್ಸ್ ಎಂದು ಅಕ್ಕಪಕ್ಕದಲ್ಲೇ ಇರುತ್ತವೆ. ನಮಗೆ ಬೇಕಾದ್ದು ಸೇವ್‌ಪಾರ್ಟ್ಸ್. ಸೇವ್‌ಡಿಸ್ಕ್ ತೆಗೆದು ಮುಂದೊಂದು ದಿನ ಇಡೀ ಡಿಸ್ಕನ್ನು ಮರಳಿಸಿದರೆ, ಆ ನಡುವೆ ಲಿನಕ್ಸಿನಲ್ಲಿ ಮಾಡಿದ ಕೆಲಸವೆಲ್ಲ ಅಳಿಸಿಹೋಗುತ್ತದೆ.

ಇಮೇಜಿಗೆ ದಿನಾಂಕ ಸೇರಿಸಿ ಹೆಸರು ಕೊಡಿ. ಪಾರ್ಟಿಷನ್ ಪಟ್ಟಿ ಬಂದಾಗ ಎಂಟರ್ ಒತ್ತುವ ಆತುರ ಬೇಡ: ಸ್ಪೇಸ್‌ಬಾರ್ ಒತ್ತಿದರೆ ಮಾತ್ರ ಸಾಲಿನ ಮುಂದೆ ನಕ್ಷತ್ರದ ಗುರುತು ಬೀಳುತ್ತದೆ. ಎನ್‌ಟಿಎಫ್‌ಎಸ್ ಎಂಬ ಹೆಸರು ಮತ್ತು ನೀವು ಬರೆದಿಟ್ಟ ಗಾತ್ರ ಎರಡೂ ಹೊಂದುವ ಸಾಲಿಗೆ ಗುರುತು ಹಾಕಿ. ಇಎಫ್‌ಐ ಪಾರ್ಟಿಷನ್ನಿಗೂ ಹಾಕಿ. ಅದು ಚಿಕ್ಕದು, ಜಾಗ ತಿನ್ನುವುದಿಲ್ಲ. ಕಂಪ್ರೆಷನ್‌ಗೆ ಮೊದಲೇ ಆಯ್ಕೆಯಾಗಿರುವುದನ್ನು ಬಿಡಿ. ಫೈಲ್ ಸಿಸ್ಟಂ ತಪಾಸಣೆ ವಿಂಡೋಸಿನಲ್ಲೇ ಆಗಿರುವುದರಿಂದ ಇಲ್ಲಿ ಬೇಡ. ಆದರೆ ಉಳಿಸಿದ ಇಮೇಜನ್ನು ಪರೀಕ್ಷಿಸಬೇಕೇ ಎಂದು ಕೇಳಿದಾಗ ಹೌದು ಎನ್ನಿ. ಸಡಿಲ ಕೇಬಲ್ಲಿನಿಂದ ಹಾಳಾದ ಇಮೇಜ್ ಮರಳಿಸುವ ದಿನ ಬಯಲಾದರೆ ಏನೂ ಉಳಿಯದು.

ಮರಳಿಸುವುದು

ಅದೇ ದಾರಿಯಲ್ಲಿ ಬಂದು ರಿಸ್ಟೋರ್‌ಪಾರ್ಟ್ಸ್ ಆರಿಸಿ, ಇಮೇಜನ್ನು ಆರಿಸಿ, ಎನ್‌ಟಿಎಫ್‌ಎಸ್ ಪಾರ್ಟಿಷನ್ನಿಗೆ ಮಾತ್ರ ಗುರುತು ಹಾಕಿ. ಇಎಫ್‌ಐ ಪಾರ್ಟಿಷನ್ನನ್ನು ಅಗತ್ಯವಿಲ್ಲದೆ ಮರಳಿಸಬೇಡಿ. ಅದರಲ್ಲಿ ಮೈಕ್ರೋಸಾಫ್ಟ್ ಫೋಲ್ಡರಿನ ಪಕ್ಕದಲ್ಲೇ ಉಬುಂಟು ಫೋಲ್ಡರ್ ಇದೆ. ಅದರೊಳಗಿನ ಗ್ರಬ್‌ನ ಪುಟ್ಟ ಫೈಲೊಂದು ಲಿನಕ್ಸ್ ಪಾರ್ಟಿಷನ್ನಿನ ಗುರುತಿನ ಸಂಖ್ಯೆಯನ್ನು ಹೊತ್ತಿರುತ್ತದೆ. ಬ್ಯಾಕಪ್ ಆದ ಮೇಲೆ ಲಿನಕ್ಸ್ ಮರು ಇನ್‌ಸ್ಟಾಲ್ ಮಾಡಿದ್ದರೆ ಹಳೆಯ ಸಂಖ್ಯೆಗೆ ಹೊಂದುವ ಪಾರ್ಟಿಷನ್ನೇ ಇರುವುದಿಲ್ಲ. ಮೆನುವಿನ ಬದಲು ಗ್ರಬ್ ಎಂದಷ್ಟೇ ಬರೆದ ಕಪ್ಪು ಪರದೆ ಬರುತ್ತದೆ. ಕ್ಲೋನ್‌ಜಿಲ್ಲಾ ಎರಡು ಬಾರಿ ಖಚಿತವೇ ಎಂದು ಕೇಳುತ್ತದೆ. ಎರಡೂ ಸಲ ಪಾರ್ಟಿಷನ್ನಿನ ಹೆಸರು ಓದಿಯೇ ವೈ ಒತ್ತಿ.

ಮರಳಿಸುವ ಪಾರ್ಟಿಷನ್ ಮೊದಲಿನಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ನಡುವೆ ವಿಂಡೋಸಿನಿಂದ 20 ಜಿಬಿ ಕತ್ತರಿಸಿ ಲಿನಕ್ಸಿಗೆ ಕೊಟ್ಟಿದ್ದರೆ, ಒಳಗಿನ ಮಾಹಿತಿ ಎಷ್ಟೇ ಕಡಿಮೆಯಿರಲಿ, ಕೆಲಸ ನಿಲ್ಲುತ್ತದೆ. ಹಾಗಾಗಿ ಪಾರ್ಟಿಷನ್ ಕುಗ್ಗಿಸುವ ಯೋಚನೆಯಿದ್ದರೆ ಮೊದಲು ಕುಗ್ಗಿಸಿ, ಆಮೇಲೆ ಇಮೇಜ್ ತೆಗೆಯಿರಿ.

ಹಳೆಯ ಪಾರ್ಟಿಷನ್ನನ್ನು ಅಳಿಸಿ ಹೊಸದು ಮಾಡಿ ಮರಳಿಸಿದರೆ ಇನ್ನೊಂದು ತೊಡಕು. ಹೊಸ ಪಾರ್ಟಿಷನ್ನಿಗೆ ಹೊಸ ಗುರುತಿನ ಸಂಖ್ಯೆ ಬರುತ್ತದೆ, ವಿಂಡೋಸಿನ ಬೂಟ್ ದಾಖಲೆ ಹಳೆಯದನ್ನೇ ಹುಡುಕಿ ನೀಲಿ ಪರದೆಯಲ್ಲಿ ದೋಷ ತೋರಿಸುತ್ತದೆ. ಆಗ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ರಿಪೇರ್‌ಗೆ ಹೋಗಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಡಿಸ್ಕ್‌ಪಾರ್ಟ್‌ನಲ್ಲಿ ಇಎಫ್‌ಐ ಪಾರ್ಟಿಷನ್ನಿಗೆ ಒಂದು ಡ್ರೈವ್ ಅಕ್ಷರ ಕೊಟ್ಟು, ಬಿಸಿಡಿಬೂಟ್ ಆದೇಶಕ್ಕೆ ವಿಂಡೋಸ್ ಫೋಲ್ಡರಿನ ದಾರಿ ಮತ್ತು ಆ ಅಕ್ಷರ ತಿಳಿಸಿದರೆ ದಾಖಲೆ ಹೊಸದಾಗುತ್ತದೆ. ಇದಾದ ಮೇಲೆ ಕಂಪ್ಯೂಟರ್ ನೇರ ವಿಂಡೋಸಿಗೇ ಹೋದರೆ ಗಾಬರಿ ಬೇಡ. ಗ್ರಬ್ ಅಳಿದಿಲ್ಲ, ಹಿಂದಕ್ಕೆ ಸರಿದಿದೆ ಅಷ್ಟೆ. ಬಯಾಸ್‌ನ ಬೂಟ್ ಕ್ರಮದಲ್ಲಿ ಉಬುಂಟುವನ್ನು ಮೇಲಕ್ಕೆ ತನ್ನಿ. ಗ್ರಬ್ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಕಾರಣ ಡಿಸ್ಕಿನಲ್ಲಿರುವ ಬೇರೆ ಆಪರೇಟಿಂಗ್ ಸಿಸ್ಟಂಗಳನ್ನು ಹುಡುಕುವ ಓಎಸ್-ಪ್ರೋಬರ್. ಗ್ರಬ್ 2.06ರಿಂದ ಅದು ಮೊದಲೇ ಆಫ್ ಆಗಿರುತ್ತದೆ. ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಆನ್ ಮಾಡಿ ಅಪ್‌ಡೇಟ್-ಗ್ರಬ್ ಓಡಿಸಿ.

ಇಮೇಜಿನಿಂದ ಸರಿಯಾಗದ ತೊಂದರೆಯೂ ಒಂದಿದೆ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಬಂದ ಮೇಲೆ ಹಲವರ ಲಿನಕ್ಸ್ ಬೂಟ್ ಆಗದೆ ಎಸ್‌ಬಿಎಟಿ (ಹಳೆಯ, ಅಸುರಕ್ಷಿತ ಬೂಟ್ ಫೈಲುಗಳನ್ನು ತಡೆಯುವ ವ್ಯವಸ್ಥೆ) ಪರಿಶೀಲನೆ ವಿಫಲ ಎಂಬ ಸಂದೇಶ ಬಂತು. ಆ ಬದಲಾವಣೆ ಕೂತಿದ್ದು ಡಿಸ್ಕಿನಲ್ಲಲ್ಲ, ಮದರ್‌ಬೋರ್ಡಿನ ಫರ್ಮ್‌ವೇರ್ ನೆನಪಿನಲ್ಲಿ. ಹಳೆಯ ಇಮೇಜ್ ಹಾಕಿದರೂ ಅದು ಅಲ್ಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಸಹಿಯಿರುವ ಬೂಟ್ ಫೈಲುಗಳನ್ನಷ್ಟೇ ಒಪ್ಪುವ ಸೆಕ್ಯೂರ್ ಬೂಟನ್ನು ಬಯಾಸ್‌ನಲ್ಲಿ ತಾತ್ಕಾಲಿಕವಾಗಿ ಆಫ್ ಮಾಡಿ ಲಿನಕ್ಸಿಗೆ ಹೋಗಿ, ಗ್ರಬ್‌ಗೆ ಮೊದಲು ಓಡುವ ಶಿಮ್ ಮತ್ತು ಗ್ರಬ್ ಪ್ಯಾಕೇಜುಗಳನ್ನು ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಿ. ಬಿಟ್‌ಲಾಕರ್ ಇದ್ದರೆ ಸೆಕ್ಯೂರ್ ಬೂಟ್ ಬದಲಿಸಿದಾಗ ವಿಂಡೋಸ್ ಆ 48 ಅಂಕಿಗಳನ್ನು ಕೇಳಬಹುದು.