36 ಭಾನುವಾರ, ಒಂದೇ ಕಾದಂಬರಿ

"ಹಿಂಗೆ ತೆವಳಿಕೊಂಡು ಓದಿದ್ರೆ ಕೊನೆಗೆ ನೀನೊಬ್ಬನೇ ಉಳೀತೀಯ" ಎಂದಿದ್ದರು ನಮ್ಮ ಓದುವ ಗುಂಪಿನ ಹಿರಿಯರೊಬ್ಬರು. ಕೊನೆಯ ಭಾನುವಾರ ಒಂಬತ್ತು ಜನ ಇದ್ದೆವು. ಅವರೂ ಇದ್ದರು.

ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಎರಡು ಸಲ ನಮ್ಮ ಕೈಕೊಟ್ಟ ಪುಸ್ತಕ. ಮೊದಲ ಸಲ ಒಂದು ತಿಂಗಳ ಗಡುವು ಇಟ್ಟೆವು. ಹದಿಮೂರೋ ಹದಿನಾಲ್ಕೋ ಜನರಲ್ಲಿ ಮುಗಿಸಿದವರು ಮೂವರು. ಉಳಿದವರು ಸಿನಿಮಾ ನೋಡಿ ಬಂದರು. ಎರಡನೇ ಸಲ ವಾರಕ್ಕೆ ಐವತ್ತು ಪುಟ. ಒಬ್ಬೊಬ್ಬರ ಕೈಲಿ ಒಂದೊಂದು ಮುದ್ರಣ, ಐವತ್ತನೇ ಪುಟದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಥೆ! ಎಲ್ಲರಿಗೂ ಒಂದೇ ಪ್ರತಿ ಇರಲಿ ಅಂತ ಸುಮಾರು ಮೂರು ಸಾವಿರ ಸುರಿದೆ. ಬಂದದ್ದು ಮಕ್ಕಳಿಗಾಗಿ ಕತ್ತರಿಸಿದ ಪುಸ್ತಕ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

ಆಮೇಲೆ ಹೊಳೆಯಿತು. ಇದು ವಾರಪತ್ರಿಕೆಗೆ ಬರೆದ ಕಥೆ ಅಲ್ವಾ? 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ 36 ಕಂತು. ಪತ್ರಿಕೆಯ ಮಾರಾಟ ಬೀಳುತ್ತಿತ್ತು, ಎತ್ತಲು ಡಿಕನ್ಸ್ ತಾನೇ ಇಳಿದ. ಸರಿ, ನಮಗೂ ವಾರಕ್ಕೊಂದೇ ಕಂತು. ಪುಟದ ಲೆಕ್ಕ ಬಿಟ್ಟು ಅಧ್ಯಾಯದ ಲೆಕ್ಕ. ಪುಸ್ತಕ ನೆಟ್‌ನಲ್ಲಿ ಪುಕ್ಕಟೆ. ಖರ್ಚು ಕಾಫಿಯದ್ದು, ತಲೆಗೆ ಇಪ್ಪತ್ತು ರೂಪಾಯಿ. ಹಬ್ಬ, ಮಳೆ ಎಲ್ಲ ಸೇರಿ ಹತ್ತು ತಿಂಗಳಾಯಿತು.

ಮೊದಲ ಕಂತು ನಿಲ್ಲುವ ಜಾಗ ನೋಡಿ. ಕಥಾನಾಯಕ ಪುಟ್ಟ ಪಿಪ್, ತಪ್ಪಿಸಿಕೊಂಡ ಕೈದಿಯೊಬ್ಬನಿಗೆಂದು ಕುಲುಮೆಯಿಂದ ಅರ ಕದ್ದು, ಮಂಜು ಕವಿದ ಜೌಗಿನ ಕಡೆ ಓಡುತ್ತಾನೆ. ಅಷ್ಟೇ. ಮುಂದಿನದನ್ನು ಬಾಯಿಬಿಟ್ಟವರು ಎಲ್ಲರ ಕಾಫಿ ಬಿಲ್ ಕೊಡಬೇಕು. ಹಿರಿಯರು ಎರಡು ಸಲ ಕೊಟ್ಟರು.

ಹತ್ತನೇ ಅಧ್ಯಾಯದಲ್ಲಿ ಹೆಂಡದಂಗಡಿಯ ಅಪರಿಚಿತನೊಬ್ಬ ರಮ್ ಕಲಕುತ್ತಾನೆ. ಚಮಚದಿಂದಲ್ಲ, ಅದೇ ಅರದಿಂದ! ಪಿಪ್‌ಗೆ ಕೊಡುವ ಶಿಲಿಂಗ್ ನಾಣ್ಯ ಸುತ್ತಿದ ಕಾಗದ ನೋಡಿದರೆ ಒಂದೊಂದು ಪೌಂಡಿನ ಎರಡು ನೋಟು. ಮುಂದೆ ಬರುವ ದುಡ್ಡಿನ ಗುಟ್ಟೆಲ್ಲ ಅಲ್ಲೇ ಇದೆ. ಮೊದಲ ಓದಿನಲ್ಲಿ ನಾನಿದನ್ನು ಸುಮ್ನೆ ದಾಟಿದ್ದೆ.

ಮಧ್ಯದಲ್ಲಿ ಮೂರು ವಾರ ತಪ್ಪಿಸಿಕೊಂಡವರನ್ನು ವಾಪಸ್ ಕರೆತಂದದ್ದು ಹೇಗೆ ಅಂತ ಕೇಳಬೇಡಿ, ಅದು ಹೇಳಲ್ಲ.

ಕೊನೆಗೊಂದು ಕಿತಾಪತಿ ಮಾಡಿದೆ. ಡಿಕನ್ಸ್ ಮೊದಲು ಬರೆದ ಮುಕ್ತಾಯ ಬೇರೆ; ಗೆಳೆಯ ಬುಲ್ವರ್ ಲಿಟ್ಟನ್ ಮಾತು ಕೇಳಿ ಬದಲಿಸಿದ. ಕೊನೆಯ ಅಧ್ಯಾಯ ಝೆರಾಕ್ಸ್‌ನಲ್ಲೇ ಓದಿ ಎಂದು ಹಂಚಿದೆ. ಅರ್ಧ ಜನಕ್ಕೆ ಹಳೆಯದು: ಲಂಡನ್ ಬೀದಿ, ಗಾಡಿಯಲ್ಲಿ ಪಿಪ್ ಪ್ರೀತಿಸಿದ ಎಸ್ಟೆಲ್ಲಾ, ಬೇರೆಯವನ ಹೆಂಡತಿ. ಉಳಿದವರಿಗೆ ಅಚ್ಚಾದದ್ದು: ಪಾಳು ತೋಟದಲ್ಲಿ ಪಿಪ್ ಅವಳ ಕೈ ಹಿಡಿಯುತ್ತಾನೆ. "ನೀವು ಸರಿಯಾಗಿ ಓದೇ ಇಲ್ಲ" ಅಂತ ಹತ್ತು ನಿಮಿಷ ಜಗಳ. ಹಳೆಯದು ಸಿಕ್ಕ ಹಿರಿಯರು ಮಾತ್ರ ತುಟಿ ಬಿಚ್ಚಲಿಲ್ಲ. ವಯಸ್ಸಾಯ್ತು, ನೆನಪು ಕೈಕೊಡ್ತಿದೆ ಅಂದುಕೊಂಡಿದ್ದರಂತೆ.