ದೋಣಿಯ ಶೌಚಾಲಯ: ಸಂಸ್ಕರಣಾ ಯಂತ್ರವನ್ನು ಎಷ್ಟು ನಂಬಬಹುದು?

ಗೊರೂರಿನ ಹೇಮಾವತಿ ಹಿನ್ನೀರಿಗೆ ಶೌಚಾಲಯವಿರುವ ವಿಹಾರದೋಣಿ ಇಳಿಸಬೇಕೆನ್ನುವವರು, ‘ಮಲವನ್ನು ಯಂತ್ರದಲ್ಲಿ ಸಂಸ್ಕರಿಸಿ ಹೊರಬಿಟ್ಟರೆ ತೊಂದರೆಯಿಲ್ಲ’ ಎಂಬ ಮಾರಾಟಗಾರರ ಮಾತನ್ನು ಒಪ್ಪುವ ಮುನ್ನ ಆ ಯಂತ್ರವನ್ನು ತಾವೇ ಪರೀಕ್ಷಿಸಬೇಕು.

ಮೊದಲು ದರ್ಜೆ ನೋಡಿ. ಅಮೆರಿಕದ ವರ್ಗೀಕರಣದಂತೆ, ಮೊದಲ ದರ್ಜೆಯ ಯಂತ್ರ ಹೊರಬಿಡುವ ನೀರಿನ ಪ್ರತಿ 100 ಮಿ.ಲೀ.ಗೆ ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾ 1000 ಮೀರಬಾರದು. ಎರಡನೆಯದಕ್ಕೆ ಮಿತಿ 200. ಮೂರನೆಯದು ಮಲವನ್ನು ಹೊರಬಿಡದೆ ತುಂಬಿಟ್ಟುಕೊಳ್ಳುವ ಟ್ಯಾಂಕ್. ನಮ್ಮ ದೇಶದಲ್ಲಿ ಸ್ನಾನದ ನೀರಿಗೆ ಅಪೇಕ್ಷಿತ ಮಿತಿಯೇ 500 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಮೊದಲ ದರ್ಜೆ ಎಷ್ಟು ಸಡಿಲವೆಂದು ತಿಳಿಯುತ್ತದೆ.

ನಂತರ ಉಪ್ಪಿನ ವಿಚಾರ. ವಿದ್ಯುತ್ತಿನಿಂದ ನಡೆಯುವ ಯಂತ್ರಗಳು ಮಲವನ್ನು ನುಣ್ಣಗೆ ಅರೆದು, ಸಮುದ್ರದ ಉಪ್ಪುನೀರಿನಿಂದಲೇ ಕ್ಲೋರಿನ್ ತಯಾರಿಸಿ ರೋಗಾಣುಗಳನ್ನು ಕೊಲ್ಲುತ್ತವೆ. ಹೇಮಾವತಿಯದು ಸಿಹಿನೀರು, ಇಲ್ಲಿ ಉಪ್ಪನ್ನು ನಾವೇ ಹಾಕುತ್ತಿರಬೇಕು. ಉಪ್ಪು ಮುಗಿದ ದಿನವೂ ಮೋಟಾರು ತಿರುಗುತ್ತದೆ, ಒಳಗಿನ ಮಲವೂ ಅರೆಯುತ್ತದೆ, ಆದರೆ ರೋಗಾಣುಗಳು ಸಾಯುವುದಿಲ್ಲ. ಎಲೆಕ್ಟ್ರೋಡ್ ಫಲಕಗಳ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟಿದ್ದರೂ ಕೆಲಸ ಕುಂದುತ್ತದೆ. ಅದನ್ನು ತೆಗೆಯಲು ಬಳಸುವ ಆಮ್ಲಕ್ಕೆ ಬ್ಲೀಚಿಂಗ್ ಪುಡಿ ತಾಕದಂತೆ ದಯವಿಟ್ಟು ಎಚ್ಚರ ವಹಿಸಿ; ಎರಡೂ ಸೇರಿದರೆ ವಿಷಾನಿಲ ಏಳುತ್ತದೆ.

ಹೊರಬರುವ ನೀರನ್ನು ಪ್ರಯೋಗಾಲಯಕ್ಕೂ ಕೊಡಿ. ಶೀಶೆ ರೋಗಾಣುಮುಕ್ತವಾಗಿರಲಿ, ಅದರಲ್ಲಿ ಉಳಿಕೆ ಕ್ಲೋರಿನ್ನನ್ನು ತಟಸ್ಥಗೊಳಿಸುವ ಸೋಡಿಯಂ ಥಯೋಸಲ್ಫೇಟ್ ಇರಲಿ. ಇಲ್ಲದಿದ್ದರೆ ದಾರಿಯಲ್ಲೂ ಬ್ಯಾಕ್ಟೀರಿಯಾ ಸಾಯುತ್ತಾ ಹೋಗಿ, ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಮಂಜುಗಡ್ಡೆಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ.

ಫಲಿತಾಂಶ ಉತ್ತಮವಾಗಿ ಬಂದರೂ ಒಂದು ಕೊರತೆ ಉಳಿಯುತ್ತದೆ. ಕ್ಲೋರಿನ್ ರೋಗಾಣುವನ್ನು ಕೊಲ್ಲುತ್ತದೆಯೇ ಹೊರತು ಕರಗಿದ ಸಾರಜನಕವನ್ನೂ ರಂಜಕವನ್ನೂ ತೆಗೆಯುವುದಿಲ್ಲ. ಬೇಸಿಗೆಯಲ್ಲಿ ತಗ್ಗಿ ನಿಂತ ನೀರಿನಲ್ಲಿ ಪಾಚಿಗೆ ಅವೇ ಗೊಬ್ಬರ. ಹಾಸನ ನಗರ ಕುಡಿಯುವುದು ಇದೇ ಹೇಮಾವತಿಯ ನೀರನ್ನು. ಅಮೆರಿಕದಲ್ಲೂ ಹೊರಗಿನ ದೋಣಿಗಳು ಒಳಬರಲು, ಒಳಗಿನವು ಹೊರಹೋಗಲು ಜಲಮಾರ್ಗವಿಲ್ಲದ ಸಿಹಿನೀರಿನ ಸರೋವರಗಳಿಗೆ ಸಂಸ್ಕರಿಸಿದ ಮಲಿನಜಲವನ್ನೂ ಬಿಡುವಂತಿಲ್ಲ. ಆದ್ದರಿಂದ ನಮ್ಮ ಜಲಾಶಯಗಳಿಗೆ ಟ್ಯಾಂಕೇ ತಕ್ಕದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಟ್ಯಾಂಕಿನ ಲೆಕ್ಕ ಸರಳ. ಆರು ಜನ ತಲಾ ಎರಡು ಸಲ ಬಳಸಿ, ಪ್ರತಿ ಸಲಕ್ಕೆ 2 ಲೀಟರ್ ಹಿಡಿದರೆ 24 ಲೀಟರ್. 40 ಲೀಟರ್ ಟ್ಯಾಂಕ್ ಇಟ್ಟರೆ ನಿಶ್ಚಿಂತೆ. ಗಾಳಿಕೊಳವೆಯನ್ನು ಹೊರಕ್ಕೆ ತೆಗೆಯಿರಿ, ನೀರಿನತ್ತ ಕಿಂಡಿಯನ್ನೇ ಬಿಡಬೇಡಿ. ಖಾಲಿ ಮಾಡುವ ಬಾಯಿ ದಡದ ಕಡೆಗಿರಲಿ, ಮತ್ತು ದೋಣಿ ಕಟ್ಟುವ ಜಾಗಕ್ಕೆ ಸಕ್ಕಿಂಗ್ ಗಾಡಿಯ ಪೈಪು ಎಟುಕುತ್ತದೆಯೇ ಎಂದು ಟ್ಯಾಂಕ್ ಕೊಳ್ಳುವ ಮೊದಲೇ ಅಳೆದುಕೊಳ್ಳಿ.